ಹಳೆಯ ನಕ್ಷೆಗಳು ರದ್ದಿಗೆ ಬೇಡ

ಮಾನ್ಯರೇ,

ಥೀಮ್ ಪಾರ್ಕ್‌ಗಳ ಹಳೆಯ ಕಥೆ ಕೆದಕುವ ಹವ್ಯಾಸವನ್ನು ಸುಮ್ನೆ ಕಾಲಹರಣ ಎಂದು ತಳ್ಳಿಹಾಕುವವರೇ ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ.

ನ್ಯೂಯಾರ್ಕ್‌ನ ಕೋನಿ ಐಲ್ಯಾಂಡ್‌ನಲ್ಲಿ 1884ರಲ್ಲಿ ಶುರುವಾದ ಲಾಮಾರ್ಕಸ್ ಥಾಂಪ್ಸನ್‌ರ ರೋಲರ್ ಕೋಸ್ಟರ್ (ದಿಬ್ಬ-ತಗ್ಗಿನ ಹಳಿಯ ಮೇಲೆ ಉರುಳುವ ಮೋಜಿನ ಬಂಡಿ) ಗಂಟೆಗೆ ಸುಮಾರು 10 ಕಿ.ಮೀ. ವೇಗದಲ್ಲಿ ಓಡುತ್ತಿತ್ತು. ಸೈಕಲ್ಲೇ ವಾಸಿ, ಅಲ್ವಾ? ಹಳಿಯ ಆ ತುದಿಯಲ್ಲಿ ಜನ ಇಳಿಯಬೇಕು, ಸಿಬ್ಬಂದಿ ಬಂಡಿಯನ್ನು ಪಕ್ಕದ ಹಳಿಗೆ ತಳ್ಳಬೇಕು, ಜನ ಮತ್ತೆ ಹತ್ತಬೇಕು. ಇದನ್ನು ಓದಿ ರಟ್ಟು, ಗೋಲಿ ಹಿಡಿದು ಮಾದರಿ ಮಾಡಲು ಕೂತೆ. ಎರಡನೇ ದಿಬ್ಬ ಮೊದಲನೆಯದಕ್ಕಿಂತ ತಗ್ಗಿರಬೇಕೆಂದು ಗೋಲಿ ಅರ್ಧದಲ್ಲೇ ನಿಂತು ವಾಪಸ್ ಉರುಳಿದಾಗ ಗೊತ್ತಾಯಿತು! ಭೌತಶಾಸ್ತ್ರದ ಪಾಠ ಪುಕ್ಕಟೆ.

ಆದರೆ ಪಾರ್ಕ್ ಮುಚ್ಚಿದರೆ ಅದರ ನಕ್ಷೆ, ಟಿಕೆಟ್, ಫೋಟೊ ರದ್ದಿಗೆ ಹೋಗಿಬಿಡಬಹುದು. ಪಾರ್ಕ್ ನಡೆಸುವವರು ಇವನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಡಲಿ.

– ಒಬ್ಬ ಓದುಗ