ಸಣ್ಣ ಪಕ್ಷಕ್ಕೆ 1 ಕೊಟ್ಟರೆ ವೋಟು ಹಾಳಾಗುವುದಿಲ್ಲ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಆಸ್ಟ್ರೇಲಿಯಾದ ಹೊಸ ಪಕ್ಷಗಳ ಬಗ್ಗೆ ನೀವೆಲ್ಲ ಈ ಗುಂಪಿನಲ್ಲಿ ಬರೆದದ್ದು ಓದಿದೆ. ಗೆಲ್ಲದವರಿಗೆ ಹಾಕಿ ವೋಟು ಯಾಕೆ ಹಾಳು ಮಾಡಬೇಕು ಎಂದು ತುಂಬಾ ಜನ ಕೇಳಿದ್ದೀರಿ. ನಮ್ಮೂರಲ್ಲಿ ಒಂದೇ ಬಟನ್ ಒತ್ತಿ ಬಂದವರಿಗೆ ಹಾಗೆ ಅನಿಸುವುದು ಸಹಜ, ಅಲ್ವಾ? ಆದರೆ ಇಲ್ಲಿನ ಲೆಕ್ಕ ಬೇರೆ. ಸಂಸತ್ತಿನ ಕೆಳಮನೆಗೆ ನಮ್ಮ ಇಷ್ಟದ ಕ್ರಮದಲ್ಲಿ 1, 2, 3 ಎಂದು ಎಲ್ಲ ಅಭ್ಯರ್ಥಿಗಳಿಗೂ ನಂಬರ್ ಹಾಕುತ್ತೇವೆ, ನೀವು 1 ಕೊಟ್ಟವರು ಕಡಿಮೆ ವೋಟು ಬಂದು ಎಣಿಕೆಯಲ್ಲಿ ಹೊರಬಿದ್ದರೆ ಆ ವೋಟು ಪೂರ್ತಿಯಾಗಿ ನಿಮ್ಮ 2ನೇ ಆಯ್ಕೆಗೆ ಹೋಗುತ್ತದೆ, ಅವರೂ ಹೊರಬಿದ್ದರೆ 3ಕ್ಕೆ.

ಸೆನೆಟ್‌ನಲ್ಲಿ, ಅಂದರೆ ಮೇಲ್ಮನೆಯಲ್ಲಿ, ಮಾತ್ರ ಹುಷಾರು. ಮತಪತ್ರದ ಗೆರೆಯ ಮೇಲಿನ ಪಕ್ಷಗಳ ಚೌಕಗಳಲ್ಲಿ ವೋಟು ಹಾಕುವುದಾದರೆ, ಕನಿಷ್ಠ 6 ಚೌಕಗಳಿಗೆ 1ರಿಂದ ನಂಬರ್ ತುಂಬಿಸಿ. ಬರೀ 1 ಹಾಕಿ ಬಂದರೆ, ಆ ಪಕ್ಷ ಹೊರಬಿದ್ದ ಮೇಲೆ ನಿಮ್ಮ ವೋಟು ಅಲ್ಲೇ ನಿಂತುಬಿಡುತ್ತದೆ.

ಹೊಸಬರ ಮೇಲೆ ಅನುಮಾನ ಇರುವುದು ತಪ್ಪಲ್ಲ. 2024ರಲ್ಲಿ ಸೆನೆಟರ್ ಫಾತಿಮಾ ಪೇಮನ್ ದೊಡ್ಡ ಪಕ್ಷಗಳಲ್ಲಿ ಒಂದಾದ ಲೇಬರ್ ಬಿಟ್ಟು 'ಆಸ್ಟ್ರೇಲಿಯಾಸ್ ವಾಯ್ಸ್' ಎಂಬ ಹೊಸ ಪಕ್ಷ ಕಟ್ಟಿದರು. ಅವರ ಸೆನೆಟ್ ಸೀಟು ಲೇಬರ್ ಹೆಸರಲ್ಲಿ ಗೆದ್ದದ್ದು ಎಂಬ ಆಕ್ಷೇಪ ನನಗೂ ನ್ಯಾಯವೇ ಅನಿಸುತ್ತದೆ. 2025ರ ಚುನಾವಣೆಯಲ್ಲಿ ಅವರ ಹೊಸ ಪಕ್ಷ ಒಂದು ಸೀಟನ್ನೂ ಗೆಲ್ಲಲಿಲ್ಲ. ಆದರೆ ಅದೇ ಚುನಾವಣೆಯಲ್ಲಿ ಸುಮಾರು ಮೂರರಲ್ಲಿ ಒಬ್ಬರು ಮೊದಲ ಆಯ್ಕೆಯನ್ನು ಲೇಬರ್‌ಗೂ ಕೊಡಲಿಲ್ಲ, ಅದರ ಮುಖ್ಯ ಎದುರಾಳಿ ಲಿಬರಲ್-ನ್ಯಾಷನಲ್ ಕೂಟಕ್ಕೂ ಕೊಡಲಿಲ್ಲ. ಇಷ್ಟು ಜನರ ಬೇಸರವನ್ನು ಸುಮ್ನೆ ತಳ್ಳಿಹಾಕಬೇಡಿ.

ಯಾರಿಗೆ ಹಾಕಬೇಕು ಎಂದು ನಾನು ಹೇಳುವುದಿಲ್ಲ. ಪಕ್ಷಗಳ ಪೋಸ್ಟರ್ ಇಲ್ಲಿ ಫಾರ್ವರ್ಡ್ ಮಾಡಬೇಡಿ. ನಂಬರ್ ಹಾಕುವುದರಲ್ಲಿ ಗೊಂದಲ ಇದ್ದರೆ ಇಲ್ಲೇ ಕೇಳಿ, ಸಂಜೆ ಉತ್ತರಿಸುತ್ತೇನೆ.