ಟಿ.ಸಿ. ಕೇಳುವ ಮುಂಚೆ

ವಿದ್ಯಾನಗರ, ಹಾಸನ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ನಿನಗೆ ಬೆಂಗಳೂರು ಸಾಕಾಗಿದೆಯಂತೆ, ಎರಡನೇ ಸೆಮಿಸ್ಟರ್ ಮುಗೀತಿದ್ದ ಹಾಗೇ ಟಿ.ಸಿ. ತಗೊಂಡು ಹಾಸನದಲ್ಲೇ ಸೇರ್ತೀಯಂತೆ. "ನೀನು ಕಾಲೇಜು ಆಫೀಸಲ್ಲೇ ಇದ್ದವಳಲ್ವಾ ಅಕ್ಕ, ಏನೇನು ಕಾಗದ ಬೇಕು ಹೇಳು" ಅಂದಳು. ಕಾಗದದ ಪಟ್ಟಿ ಬಾಯಿಗೇ ಬರುತ್ತೆ: ಅಲ್ಲಿಂದ ಎನ್.ಒ.ಸಿ., ಮೈಗ್ರೇಷನ್ ಸರ್ಟಿಫಿಕೇಟು, ಆಮೇಲೆ ಎರಡು ಕಡೆಯ ಸಿಲಬಸ್ ತಾಳೆ ನೋಡೋದು, ತಾಳೆಯಾಗದ ಪೇಪರ್ ಮತ್ತೆ ಬರೆಯೋದು. ಇಂಥ ಫೈಲುಗಳು ನನ್ನ ಟೇಬಲ್ ಮೇಲೆ ಬೇಕಾದಷ್ಟು ಬರ್ತಿದ್ದವು. ಮನೆ ಕಷ್ಟಕ್ಕೆ ವಾಪಸ್ ಬಂದವರಿದ್ದರು, ಅವರ ಮಾತೇ ಬೇರೆ. ನಿನ್ನದು ಹಾಗಲ್ಲ. ಅದಕ್ಕೇ ಫೋನಲ್ಲಿ ಬೈಯೋದು ಬಿಟ್ಟು ಕೂತು ಬರೀತಿದ್ದೀನಿ.

ನಿನ್ನ ದೂರು ಇಷ್ಟು: ಎಲ್ಲರೂ ಪಟಪಟ ಇಂಗ್ಲಿಷ್ ಮಾತಾಡ್ತಾರೆ, ಅವರವರದ್ದೇ ಗುಂಪು, ಹಿಂದಿನ ಬೆಂಚಲ್ಲಿ ಕೂತ ನನ್ನನ್ನ ಯಾರೂ ಕೇಳಲ್ಲ. ಇರಬಹುದು. ಆದರೆ ನೀನು ಅಲ್ಲಿ ಇದ್ದೀಯೋ ಇಲ್ವೋ ಅಂತ ಅವರಿಗೆ ತಿಳಿಯೋದಾದರೂ ಹೇಗೆ ಹೇಳು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದದ್ದು ಹೆಣ್ಣುಮಕ್ಕಳಿಗೆ ದೊಡ್ಡ ಉಪಕಾರವೇ, ಎರಡು ಮಾತಿಲ್ಲ. ನಿನಗೆ ಮಾತ್ರ ಅದು ಮುಳುವಾಗಿದೆ. ಬಸ್ ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ ಅಂತ ಶುಕ್ರವಾರ ಸಂಜೆಯಾದರೆ ಬ್ಯಾಗ್ ಹೆಗಲಿಗೆ. ಶನಿವಾರದ ಕ್ಲಾಸು ಹೋಯ್ತು. ಶೇಕಡಾ 75 ಹಾಜರಿಯ ಲೆಕ್ಕ ಸೆಮಿಸ್ಟರ್ ಕೊನೆಗೆ ಕುತ್ತಿಗೆಗೆ ಬರುತ್ತೆ, ಆಗ ಕಂಡೋನೇಷನ್, ಅಂದರೆ ಹಾಜರಿ ಕೊರತೆಗೆ ಮಾಫಿ, ಬೇಕು ಅಂತ ಆಫೀಸು ಸುತ್ತೋ ಮಕ್ಕಳ ಮುಖ ನೋಡಿದ್ದೀನಿ. ಅದಕ್ಕಿಂತ ಮುಖ್ಯ, ಕಾಲೇಜಲ್ಲಿ ಸ್ನೇಹ ಆಗೋದು ಪಾಠದ ಹೊತ್ತಲ್ಲಿ ಅಲ್ಲ, ಶನಿವಾರ ಮಧ್ಯಾಹ್ನ ಎಲ್ಲಾ ಖಾಲಿ ಇರ್ತಾರಲ್ಲ, ಆಗ. ಆ ಹೊತ್ತಿಗೆ ನೀನು ಹಾಸನದ ಮನೆಯಲ್ಲಿರ್ತೀಯ.

ತಿಂಗಳಿಗೊಂದು ಸಲ ಬಾ, ಸಾಕು. ಹಾಸನಾಂಬೆ ಬಾಗಿಲು ತೆಗೆದಾಗ ಬಂದೇ ಬರ್ತೀಯ, ಆ ಜನಸಾಗರದಲ್ಲಿ ಬಸ್ಸಿಗಿಂತ ಯಶವಂತಪುರದ ರೈಲೇ ವಾಸಿ. ಉಳಿದ ಶನಿವಾರ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯಕ್ಕೆ ಹೋಗು, ಜೆ.ಪಿ. ನಗರದ ರಂಗಶಂಕರದಲ್ಲಿ ಒಂದು ಕನ್ನಡ ನಾಟಕ ನೋಡು. ಹಾಸನದಲ್ಲಿ ಇವು ಸಿಗಲ್ಲ.

ನಿಮ್ಮಪ್ಪ ಹೆಣ್ಣುಮಕ್ಕಳ ಕಾಲೇಜೇ ಬೇಕು ಅಂದದ್ದು ಹುಡುಗರ ಕಾಟ ಇರಲ್ಲ ಅನ್ನೋ ಧೈರ್ಯಕ್ಕೆ. ಇದೇನು ಹೊಸ ಲೆಕ್ಕವಲ್ಲ. ಮೈಸೂರಲ್ಲಿ 1881ರಲ್ಲಿ ಮಹಾರಾಣಿ ಶಾಲೆ ಆದಾಗಲೂ, 1921ರಲ್ಲಿ ಮಂಗಳೂರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ಆದಾಗಲೂ ಅಪ್ಪಂದಿರು ಹೆಚ್ಚುಕಮ್ಮಿ ಹೀಗೇ ಯೋಚಿಸಿರಬೇಕು. ಆದರೆ ಅಂಥ ಕಾಲೇಜಿನ ನಿಜವಾದ ಲಾಭ ಅಪ್ಪಂದಿರ ಲೆಕ್ಕಕ್ಕೆ ಸಿಗೋದಲ್ಲ. ನಾನು ಎರಡೂ ಥರದ ಕಾಲೇಜಲ್ಲಿ ಕೆಲಸ ಮಾಡಿದ್ದೀನಿ. ಹುಡುಗ ಹುಡುಗೀರು ಕೂಡಿ ಓದೋ ಕಡೆ ವಾರ್ಷಿಕೋತ್ಸವ ಅಂದರೆ ಹುಡುಗೀರಿಗೆ ರಂಗೋಲಿ, ಪ್ರಾರ್ಥನೆ, ಹಾರದ ತಟ್ಟೆ. ಮೈಕು, ಶಾಮಿಯಾನ, ದುಡ್ಡಿನ ಲೆಕ್ಕ ಎಲ್ಲಾ ಹುಡುಗರದ್ದು. ಮಹಿಳಾ ಕಾಲೇಜಲ್ಲಿ "ಹುಡುಗರು ನೋಡ್ಕೋತಾರೆ ಬಿಡು" ಅನ್ನೋಕೆ ಹುಡುಗರೇ ಇಲ್ಲ. ಏಣಿ ಹತ್ತಿ ಬ್ಯಾನರ್ ಕಟ್ಟೋಳೂ ಅವಳೇ, ಮೈಕಿನವನ ಹತ್ತಿರ ಚೌಕಾಸಿ ಮಾಡೋಳೂ ಅವಳೇ.

ಒಂದು ವರ್ಷ ಸಮಾರಂಭದ ಮಾರನೇ ದಿನ ಅರಕಲಗೂಡು ಕಡೆಯ ಹುಡುಗಿಯೊಬ್ಬಳು ಶಾಮಿಯಾನದವನ ಬಿಲ್ ಹಿಡಿದು ನನ್ನ ಟೇಬಲ್ ಹತ್ತಿರ ಬಂದಳು. ಅಲ್ಲಿಯವರೆಗೆ ಅವಳು ದೊಡ್ಡ ದನಿ ತೆಗೆದದ್ದನ್ನ ಯಾರೂ ಕೇಳಿರಲಿಲ್ಲ. "ಮೇಡಂ, ಮುನ್ನೂರು ಕುರ್ಚಿ ಅಂತ ಬರೆದಿದ್ದಾನೆ. ಲಾರಿಗೆ ಹಾಕುವಾಗ ಎಣಿಸಿದೆ, ಇನ್ನೂರ ಅರವತ್ತೇ ಇದ್ದವು" ಅಂದಳು. ಕೈಯಲ್ಲಿ ಒಂದು ಚೀಟಿ, ಹತ್ತತ್ತು ಕುರ್ಚಿಗೆ ಒಂದೊಂದು ಗೀಟು ಹಾಕಿದ್ದಳು. ಆ ಮನುಷ್ಯ ಏನೇನೋ ಸಬೂಬು ಹೇಳಿದ, "ಹೆಣ್ಣುಮಕ್ಕಳಿಗೆ ಇದೆಲ್ಲ ಗೊತ್ತಾಗಲ್ಲ ಮೇಡಂ" ಅಂತ ನನಗೇ ಹೇಳಿದ! ಅವಳು ಜಗ್ಗಲಿಲ್ಲ. ಬಿಲ್ ತಿದ್ದಿಸಿಕೊಂಡೇ ಪ್ರಿನ್ಸಿಪಾಲರ ಸಹಿಗೆ ಇಟ್ಟಳು. ಈಗ ಎಲ್ಲಿದ್ದಾಳೋ ಏನೋ, ಯಾವ ಅಂಗಡಿಯಲ್ಲೂ ಮೋಸ ಹೋಗಿರಲ್ಲ ಅಂತ ಮಾತ್ರ ಬರೆದುಕೊಡ್ತೀನಿ.

ನೀನೂ ಅಂಥದ್ದೊಂದು ಕೆಲಸ ಕೈಗೆ ತಗೋ. ಡಾನ್ಸು ಗೀನ್ಸು ಆಮೇಲೆ ನೋಡೋಣ, ಮೊದಲು ಲೆಕ್ಕ ಇಡೋ ಕೆಲಸ, ಪತ್ರ ಬರೆಯೋ ಕೆಲಸ. ಕನ್ನಡ ವಿಭಾಗಕ್ಕೆ ನಾಳೆಯೇ ಹೋಗು. ರಾಜ್ಯೋತ್ಸವ ಬಂತು ಅಂದರೆ ಅತಿಥಿಗಳಿಗೆ ಆಹ್ವಾನ, ಇಲಾಖೆಗೆ ಮನವಿ, ನಿರೂಪಣೆ, ವರದಿ, ಎಲ್ಲಾ ತಪ್ಪಿಲ್ಲದ ಕನ್ನಡದಲ್ಲಿ ಆಗಬೇಕು. ಪಟಪಟ ಇಂಗ್ಲಿಷಿನವರಲ್ಲಿ ಎಷ್ಟು ಜನ "ಮಾನ್ಯರೇ" ಇಂದ "ತಮ್ಮ ವಿಶ್ವಾಸಿ"ವರೆಗೆ ಒಂದು ಪುಟ ನೆಟ್ಟಗೆ ಬರೀತಾರೆ ನೋಡೋಣ! ನಮ್ಮ ಊರಲ್ಲೇ ವಕೀಲಿಕೆ ಮಾಡಿಕೊಂಡು ಕನ್ನಡದಲ್ಲೇ ಕಥೆ ಬರೆದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಹಾಸನದವಳು, ಕನ್ನಡ ಮೀಡಿಯಂ ಅಂತ ತಲೆ ತಗ್ಗಿಸೋಕೆ ಇನ್ನು ಏನು ಕಾರಣ ಉಳಿದಿದೆ?

ಹಾಗಂತ ಇಂಗ್ಲಿಷ್ ಬೇಡ ಅನ್ನಬೇಡ. ಅದು ಬೇಕೇ ಬೇಕು. ನಿನ್ನ ರೂಮಿನ ಹುಡುಗಿಗೆ ಕನ್ನಡ ಪೇಪರ್ ಅಂದರೆ ಜ್ವರ ಬರುತ್ತೆ ಅಂತ ನೀನೇ ಹೇಳಿದ್ದೆಯಲ್ಲ. ನಾಟಿ ಹೊತ್ತಲ್ಲಿ ನಮ್ಮ ಕಡೆ ಮುಯ್ಯಾಳು ಹೋಗ್ತಾರಲ್ಲ, ಹಾಗೆ ಮಾಡ್ಕೊಳ್ಳಿ: ಅವಳಿಗೆ ನೀನು ಕನ್ನಡ ಹೇಳಿಕೊಡು, ಅವಳು ನಿನ್ನ ಹತ್ತಿರ ಅರ್ಧ ಗಂಟೆ ಇಂಗ್ಲಿಷಲ್ಲೇ ಮಾತಾಡಲಿ. ನಗ್ತಾಳೆ, ನಗಲಿ.

ದುಡ್ಡಿನ ವಿಷಯ. ಪಿ.ಜಿ. ಬಾಡಿಗೆ ಕಟ್ಟೋಕೆ ನಿಮ್ಮಪ್ಪ ಏನು ಮಾಡ್ತಿದ್ದಾನೆ ಅಂತ ಅವನು ನಿನಗೆ ಹೇಳಲ್ಲ, ನಾನೂ ಹೇಳಲ್ಲ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್.ಎಸ್.ಪಿ.ಯಲ್ಲಿ ಅರ್ಜಿ ಕೊನೇ ದಿನದವರೆಗೆ ಇಟ್ಕೋಬೇಡ. ಸರ್ಕಾರಿ ಹಾಸ್ಟೆಲ್ ಸಿಗದ ಮಕ್ಕಳಿಗೆ ಊಟ-ವಸತಿಯ ಸಹಾಯಧನ ಕೊಡೋ ವಿದ್ಯಾಸಿರಿ ಇದೆ, ಅದನ್ನೂ ನೋಡು. ಜಾತಿ-ಆದಾಯ ಪತ್ರದ ಆರ್.ಡಿ. ನಂಬರ್ ಕೈಲಿರಲಿ. ಮುಖ್ಯವಾಗಿ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್, ಅಂದರೆ ಖಾತೆಗೆ ಆಧಾರ್ ಜೋಡಣೆ, ಆಗಿದೆಯಾ ಕೇಳು. ಖಾತೆ ಇದ್ದ ಮಾತ್ರಕ್ಕೆ ದುಡ್ಡು ಬೀಳಲ್ಲ. ಮಂಜೂರಾದ ಹಣ ಬರೀ ಈ ಒಂದು ಕಾರಣಕ್ಕೆ ನಿಂತು, ಅತ್ತುಕೊಂಡು ಬಂದ ಮಕ್ಕಳಿದ್ದರು.

ಹುಡುಗರ ವಿಷಯ ಬರಿ ಅಂತ ನಿಮ್ಮಮ್ಮನ ಅಪ್ಪಣೆ. ಕಾಲೇಜಲ್ಲಿ ಇಲ್ಲ ಅಂದರೆ ಬೆಂಗಳೂರಲ್ಲೇ ಇಲ್ಲ ಅಂತೇನಲ್ಲ, ನನಗೂ ಗೊತ್ತು. ಯಾರ ಜೊತೆ ಕಾಫಿಗೆ ಹೋದೆ ಅಂತ ನಾನು ಕೇಳಲ್ಲ. ದುಡ್ಡು, ಫೋಟೋ, ಫೋನಿನ ಪಾಸ್‌ವರ್ಡ್ ಕೇಳಿದವನ ಹತ್ತಿರ ಮಾತ್ರ ಎರಡನೇ ಸಲ ಹೋಗಬೇಡ. ಇನ್ನೊಂದು, ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ಕಾಲೇಜಲ್ಲಿ ಆಂತರಿಕ ಸಮಿತಿ ಇರಬೇಕು, ಅದರ ವಿವರ ಎಲ್ಲರ ಕಣ್ಣಿಗೆ ಬೀಳೋ ಕಡೆ ಹಾಕಿರಬೇಕು. ಮೇಷ್ಟ್ರು, ಕ್ಲರ್ಕು, ಯಾರದ್ದೇ ಆಗಲಿ ನಡತೆ ಸರಿ ಕಾಣದಿದ್ದರೆ ಅಲ್ಲಿಗೆ ಬರೆದುಕೊಡು. ಸದಸ್ಯರು ಯಾರು ಅಂತ ಈಗಲೇ ಓದಿಟ್ಕೋ.

ಮೂರನೇ ಸೆಮಿಸ್ಟರ್ ಮುಗಿಯೋವರೆಗೆ ಟಿ.ಸಿ. ಮಾತು ಎತ್ತಬೇಡ. ಆಮೇಲೂ ಬೇಕು ಅನ್ನಿಸಿದರೆ ನಾನೇ ಬೆಂಗಳೂರಿಗೆ ಬಂದು ಅರ್ಜಿ ಬರೆಸಿಕೊಡ್ತೀನಿ, ನಿಮ್ಮಪ್ಪನಿಗೂ ನಾನೇ ಹೇಳ್ತೀನಿ.

ಇತಿ ನಿನ್ನ
ದೊಡ್ಡಮ್ಮ

ಮರೆತಿದ್ದೆ: ಈ ಶನಿವಾರ ನೀನು ಬರಲ್ಲ ಅಂತ ನಿಮ್ಮಮ್ಮನಿಗೆ ಹೇಳಿಬಿಟ್ಟಿದ್ದೀನಿ. ಹುಚ್ಚೆಳ್ಳು ಚಟ್ನಿಪುಡಿ ನಿಮ್ಮಪ್ಪನ ಕೈಲಿ ಕಳಿಸ್ತೀನಿ, ರೂಮಿನವಳಿಗೂ ಕೊಡು. ಎಸ್.ಎಸ್.ಪಿ. ಅರ್ಜಿ ಹಾಕಿದ ಮೇಲೆ ಅದರ ಪ್ರತಿ ನನಗೆ ವಾಟ್ಸಾಪ್ ಮಾಡು, ಒಂದ್ಸಲ ನೋಡ್ತೀನಿ.