ಗೆಳೆಯನಿಗೊಂದು ಪತ್ರ: "ನಂಗೆಲ್ಲಿ ಕೊಡ್ತಾರೆ ಬಿಡು" ಅಂದ್ಯಲ್ಲ, ಅದಕ್ಕೆ

ಪ್ರೀತಿಯ ಗೆಳೆಯ,

ನಿನ್ನೆ ಫೋನಲ್ಲಿ "ಸ್ಕಾಲರ್‌ಶಿಪ್ಪೆಲ್ಲ ಫಸ್ಟ್ ಬರೋರಿಗೆ ಕಣೋ, ನಂಗೆಲ್ಲಿ ಕೊಡ್ತಾರೆ ಬಿಡು" ಅಂದ್ಯಲ್ಲ, ಆ ಮಾತು ರಾತ್ರಿಯೆಲ್ಲ ತಲೇಲಿ ಕೊರೀತಾನೇ ಇತ್ತು. ಯಾಕಂದ್ರೆ ಹೈಸ್ಕೂಲಲ್ಲಿ ನಾನೂ ಇದನ್ನೇ ಹೇಳ್ಕೊಂಡು ಒಂದಿಡೀ ವರ್ಷ ಸುಮ್ನೆ ಕೂತಿದ್ದೆ, ಆಮೇಲೆ 11 ಕಡೆ ಅಪ್ಲೈ ಮಾಡ್ದೆ, 8 ಕಡೆ ಇಲ್ಲ ಅಂದ್ರು, 3 ಕಡೆ ಸಿಕ್ತು, ಆ ಮೂರರಿಂದ್ಲೇ ಇವತ್ತು ಕಾಲೇಜಲ್ಲಿ ಇದೀನಿ. ಆ ಸುಮ್ನೆ ಕೂತ ವರ್ಷ ಇದ್ಯಲ್ಲ, ಅದರ ಬಗ್ಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ನಿಂಗೆ ಹಾಗಾಗೋದು ಬೇಡ.

ಮೊದಲು ಹೊರದೇಶದಲ್ಲಿ ಓದೋಕೆ ಅಂತ ನೀನು ಕಳಿಸಿದ ಸ್ಕಾಲರ್‌ಶಿಪ್ ಲಿಸ್ಟ್ ವಿಷಯ. ಬ್ರಿಟನ್ನಿನ ರೋಡ್ಸ್, ಚೆವೆನಿಂಗ್, ಯುರೋಪಿನ ಎರಾಸ್ಮಸ್ ಮುಂಡಸ್ ಅಂತ ಬರ್ದಿದೀಯ. ಹೆಸರು ದೊಡ್ದು ನಿಜ, ಆದ್ರೆ ಮೂರೂ ಡಿಗ್ರಿ ಮುಗಿದ ಮೇಲೆ ಹಾಕೋವು, ಚೆವೆನಿಂಗ್ ಅಂತೂ ಒಂದು ವರ್ಷದ ಮಾಸ್ಟರ್ಸ್‌ಗೆ. ಸದ್ಯಕ್ಕೆ ಮೂರನ್ನೂ ಹೊಡೆದುಹಾಕು. ಹೈಸ್ಕೂಲ್, ಅಂದ್ರೆ 12ನೇ ಕ್ಲಾಸ್ ಮುಗಿಸಿದೋರಿಗೆ ಅಂತ್ಲೇ ಇರೋವು ಬೇರೆ. ಜಪಾನ್ ಸರ್ಕಾರದ ಮೆಕ್ಸ್ಟ್ ಇದೆ, ಅದ್ರಲ್ಲಿ ಮೊದಲ ವರ್ಷ ಭಾಷೆ ಕಲಿಸ್ತಾರೆ, ಫೀಸ್ ಇಲ್ಲ, ತಿಂಗಳ ಖರ್ಚಿಗೆ ಕೊಡ್ತಾರೆ, ವಿಮಾನದ ಟಿಕೆಟೂ ಅವ್ರದ್ದೇ, ಆದ್ರೆ ಎಂಬೆಸಿ ಮೂಲಕ ಅಪ್ಲೈ ಮಾಡಿ ಪರೀಕ್ಷೆ ಬರೀಬೇಕು. ಹಂಗೇರಿಯ ಸ್ಟಿಪೆಂಡಿಯಂ ಹಂಗಾರಿಕಂ 2013ರಲ್ಲಿ ಶುರುವಾಗಿದ್ದು, ಬ್ಯಾಚುಲರ್ಸ್‌ಗೂ ಕೊಡ್ತಾರೆ. ಟರ್ಕಿಯ ತುರ್ಕಿಯೆ ಬುರ್ಸ್‌ಲಾರಿ ಇದೆ, ಅದಕ್ಕೆ ವಯಸ್ಸು 21ರ ಒಳಗಿರಬೇಕು. ಕೆನಡಾದ ಟೊರೊಂಟೊ ಯೂನಿವರ್ಸಿಟಿಯ ಪಿಯರ್ಸನ್ ಸ್ಕಾಲರ್‌ಶಿಪ್ಪಿಗೆ ನೀನಾಗೇ ಅಪ್ಲೈ ಮಾಡೋಕಾಗಲ್ಲ, ನಿನ್ನ ಸ್ಕೂಲೇ ನಾಮಿನೇಟ್ ಮಾಡ್ಬೇಕು, ಅದೂ ಒಂದು ಸ್ಕೂಲಿಂದ ಒಬ್ರನ್ನ ಮಾತ್ರ, ಇದು ಗೊತ್ತಿಲ್ದೆ ಕೊನೇ ವಾರದಲ್ಲಿ ವೆಬ್‌ಸೈಟ್ ತೆಗೆದು ನೋಡಿ ಕೈ ಕೈ ಹಿಸುಕ್ಕೊಂಡೋರನ್ನ ನಾನೇ ನೋಡಿದೀನಿ.

ಆದ್ರೆ ಇಂಥ ಹೆಸರಾಂತ ಸ್ಕಾಲರ್‌ಶಿಪ್ಪುಗಳನ್ನ ಹುಡುಕೋದ್ರಲ್ಲೇ ಪೂರ್ತಿ ಟೈಮ್ ಕಳೀಬೇಡ. ದೊಡ್ಡ ಮೊತ್ತ ಹೆಚ್ಚಾಗಿ ಬರೋದು ಕಾಲೇಜಿಂದ್ಲೇ, ಇಲ್ಲಾ ಸರ್ಕಾರದಿಂದ. ಆಮೇಲೆ ಎಲ್ಲವೂ ಮಾರ್ಕ್ಸ್ ಮೇಲೆ ನಿಂತಿಲ್ಲ, ಮನೆ ಪರಿಸ್ಥಿತಿ ನೋಡಿ ಕೊಡೋದೇ ಒಂದು ದೊಡ್ಡ ದಾರಿ. ಅಮೆರಿಕದ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಕೆಲವು ಕಡೆ ನೀನು ಯಾವ ದೇಶದೋನಾದ್ರೂ ಸೀಟ್ ಕೊಡೋವಾಗ ನಿನ್ನ ಹತ್ರ ದುಡ್ಡಿದ್ಯಾ ಅಂತ ನೋಡೋದೇ ಇಲ್ಲ, ಸೀಟ್ ಕೊಟ್ಮೇಲೆ ಎಷ್ಟು ಕಡಿಮೆ ಬೀಳುತ್ತೋ ಅಷ್ಟನ್ನೂ ತುಂಬ್ತಾರೆ, ಇದಕ್ಕೆ ನೀಡ್ ಬ್ಲೈಂಡ್ ಅಂತಾರೆ. ಬೇರೆ ಎಷ್ಟೋ ಕಾಲೇಜಲ್ಲಿ ಹೊರದೇಶದಿಂದ ಬರೋರು ಸಹಾಯ ಕೇಳಿದ್ರೆ ಸೀಟ್ ಸಿಗೋದೇ ಸ್ವಲ್ಪ ಕಷ್ಟ ಆಗುತ್ತೆ. ಹಾಗಾಗಿ ಯಾವ ಕಾಲೇಜು ಯಾವ ಥರ ಅಂತ ಮೊದ್ಲೇ ತಿಳ್ಕೋ. ಅವ್ರ ವೆಬ್‌ಸೈಟಲ್ಲಿರೋ ಫೀಸ್ ನೋಡಿ ಮಾತ್ರ ಪುಟ ಮುಚ್ಬೇಡ, ಅದು ಎಲ್ರೂ ಕಟ್ಟೋ ದುಡ್ಡಲ್ಲ.

ಈಗ ಅಪ್ಲಿಕೇಶನ್ ಜೊತೆ ನಿನ್ನ ಬಗ್ಗೆ ಬರ್ದು ಕಳಿಸ್ಬೇಕಾದ ಪ್ರಬಂಧ, ಇದ್ರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ ಬೇಜಾರಾಗ್ಬೇಡ.

ನಾನು ಮೊದಲು ಬರ್ದಿದ್ದು ಹೀಗಿತ್ತು: "ಶಿಕ್ಷಣವೇ ಬಾಳಿನ ಬೆಳಕು ಎಂದು ದೃಢವಾಗಿ ನಂಬಿರುವ ನಾನು, ಬಾಲ್ಯದಿಂದಲೂ..." ಅದನ್ನ ನಮ್ಮ ಮೇಡಂಗೆ ತೋರಿಸ್ದೆ. ಅವ್ರು ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದ್ರು, "ಇದ್ರಲ್ಲಿ ನಿನ್ನ ಹೆಸ್ರು ತೆಗೆದು ಪಕ್ಕದ ಬೆಂಚಿನವನ ಹೆಸ್ರು ಹಾಕಿದ್ರೆ ಏನಾದ್ರೂ ತಪ್ಪಾಗುತ್ತಾ?" ಏನೂ ತಪ್ಪಾಗ್ತಿರ್ಲಿಲ್ಲ. ಮನೆಗೆ ಬಂದು ಹರಿದುಹಾಕಿ ಅಜ್ಜಿ ಮಾತ್ರೆ ಡಬ್ಬಿ ಬಗ್ಗೆ ಬರ್ದೆ. ಏಳು ಖಾನೆ ಇರೋ ಡಬ್ಬಿ, ಪ್ರತಿ ಭಾನುವಾರ ರಾತ್ರಿ ನಾನೇ ತುಂಬ್ತಿದ್ದೆ. ಅದ್ರಲ್ಲಿ ಎರಡು ಮಾತ್ರೆ ಒಂದೇ ಥರ ಬೆಳ್ಳಗೆ, ಒಂದೇ ಸೈಜು, ಒಂದು ಬಿಪಿದು ಇನ್ನೊಂದು ಥೈರಾಯ್ಡ್‌ದು, ಒಂದ್ಸಲ ಅದಲು ಬದಲಾಗಿ ಹೋಗಿತ್ತು, ಅಜ್ಜಿಗೆ ಏನೂ ಆಗ್ಲಿಲ್ಲ ಪುಣ್ಯಕ್ಕೆ, ಅವತ್ತಿಂದ ಒಂದರ ಸ್ಟ್ರಿಪ್ ಮೇಲೆ ಕೆಂಪು ಸ್ಕೆಚ್ ಪೆನ್ನಲ್ಲಿ ಚುಕ್ಕಿ ಇಡ್ತಿದ್ದೆ. ಮಾತ್ರೆಗಳ ಬಣ್ಣ ಆಕಾರ ಹಿಂಗೇ ಯಾಕೆ ಅಂತ ಯೋಚ್ನೆ ಶುರುವಾಗಿದ್ದು, ಫಾರ್ಮಸಿ ಓದ್ಬೇಕು ಅನ್ಸಿದ್ದು ಅಲ್ಲಿಂದ. ಇಷ್ಟೇ ಬರ್ದೆ. ಸಿಕ್ಕಿದ ಮೂರರಲ್ಲಿ ಎರಡಕ್ಕೆ ಕಳಿಸಿದ್ದು ಇದನ್ನೇ, ಇಂಟರ್‌ವ್ಯೂನಲ್ಲೂ ಆ ಕೆಂಪು ಚುಕ್ಕಿ ಬಗ್ಗೇನೇ ಕೇಳಿದ್ರು.

"ನಾನೇನೂ ಸಾಧಿಸಿಲ್ವಲ್ಲೋ, ಕಪ್ ಇಲ್ಲ ಮೆಡಲ್ ಇಲ್ಲ" ಅಂದೆ ನೀನು. ತಮ್ಮಂಗೆ ಕಿವಿ ಸರಿಯಾಗಿ ಕೇಳ್ಸಲ್ಲ ಅಂತ ಮೂರು ವರ್ಷದಿಂದ ದಿನಾ ಸಂಜೆ ಕೂತು ಅವ್ನ ಪಾಠಗಳನ್ನೆಲ್ಲ ಬರ್ದು ಕೊಡ್ತಿದೀಯಲ್ಲ, ಅದೇನು ಮತ್ತೆ? ಕಾಮನ್ ಆಪ್ ಅಂತ ಇದೆ, ನೂರಾರು ಕಾಲೇಜಿಗೆ ಒಂದೇ ಫಾರ್ಮಲ್ಲಿ ಅಪ್ಲೈ ಮಾಡೋದು, ಅದ್ರಲ್ಲಿ 10 ಚಟುವಟಿಕೆ ಬರೀಬಹುದು, ಆ ಪಟ್ಟೀಲಿ ಮನೆ ಜವಾಬ್ದಾರಿ ಅಂತ್ಲೇ ಒಂದು ವಿಭಾಗ ಇದೆ ಕಣೋ. ಅಡುಗೆ ಮಾಡೋದು, ತಮ್ಮ ತಂಗೀನ ನೋಡ್ಕೊಳ್ಳೋದು, ಪಾರ್ಟ್ ಟೈಮ್ ಕೆಲಸ, ಎಲ್ಲಾ ಲೆಕ್ಕಕ್ಕೆ ಬರುತ್ತೆ. ಪ್ರತಿಯೊಂದಕ್ಕೂ 150 ಅಕ್ಷರದ ವಿವರಣೆ ಅಷ್ಟೇ, ಹಾಗಾಗಿ ವಾರಕ್ಕೆ ಎಷ್ಟು ಗಂಟೆ, ಏನು ಮಾಡ್ದೆ ಅಂತ ನೇರವಾಗಿ ಬರಿ.

ಇನ್ನೊಂದು, ರೆಕಮೆಂಡೇಷನ್ ಲೆಟರ್, ಅಂದ್ರೆ ನಿನ್ನ ಬಗ್ಗೆ ಟೀಚರ್ ಬರ್ದು ಕೊಡೋ ಶಿಫಾರಸು ಪತ್ರ. ಇದ್ರಲ್ಲಿ ನಾನು ಸೋತಿದೀನಿ. ನಂಗೆ ತುಂಬಾ ಇಷ್ಟ ಇದ್ದ ಒಂದು ಸ್ಕಾಲರ್‌ಶಿಪ್ಪಿಗೆ ಪ್ರಬಂಧ, ಮಾರ್ಕ್ಸ್ ಕಾರ್ಡ್ ಎಲ್ಲಾ ಹಾಕಿದ್ದೆ, ಲೆಟರ್ ಮಾತ್ರ ಕೊನೇ ದಿನಕ್ಕೆ ನಾಲ್ಕೇ ದಿನ ಇರೋವಾಗ ಸರ್‌ನ ಕೇಳ್ದೆ. ಅವ್ರು ಪಾಪ ಒಪ್ಕೊಂಡ್ರು, ಆದ್ರೆ ಪರೀಕ್ಷೆ ಪೇಪರ್ ತಿದ್ದೋ ಟೈಮ್ ಅದು. ರಾತ್ರಿ 12 ಗಂಟೆವರೆಗೂ ಪೇಜ್ ರಿಫ್ರೆಶ್ ಮಾಡ್ತಾನೇ ಇದ್ದೆ, ಎಲ್ಲಾ ಸಾಲಿನ ಮುಂದೆ ಹಸಿರು ಟಿಕ್, ಅದೊಂದರ ಮುಂದೆ ಪೆಂಡಿಂಗ್. 12 ಆದ್ಮೇಲೆ ಪೇಜೇ ಓಪನ್ ಆಗ್ಲಿಲ್ಲ. ಕನಿಷ್ಠ ಒಂದು ತಿಂಗಳು ಮುಂಚೆ ಕೇಳು, ಕೇಳೋವಾಗ ಬರೀ "ಲೆಟರ್ ಬೇಕು ಸರ್" ಅನ್ಬೇಡ, ಯಾವುದಕ್ಕೆ, ಕೊನೇ ದಿನ ಯಾವತ್ತು, ಅವ್ರ ಕ್ಲಾಸಲ್ಲಿ ನೀನು ಏನು ಮಾಡಿದ್ದೆ ಅನ್ನೋದನ್ನ ಒಂದು ಹಾಳೇಲಿ ಬರ್ದು ಕೊಡು. ನಿನ್ನ ಹೆಸರು ಗೊತ್ತಿರೋ ದೊಡ್ಡ ಮನುಷ್ಯರಿಗಿಂತ ನಿನ್ನ ಕೆಲಸ ಗೊತ್ತಿರೋ ಟೀಚರ್ರೇ ಮೇಲು.

ಕಾಗದ ಪತ್ರದ್ದೂ ಈಗ್ಲೇ ಶುರು ಮಾಡು. ಮಾರ್ಕ್ಸ್ ಕಾರ್ಡಲ್ಲಿ ಒಂದು ಸ್ಪೆಲಿಂಗ್, ಪಾಸ್‌ಪೋರ್ಟಲ್ಲಿ ಇನ್ನೊಂದು ಇದ್ರೆ ಸರಿಮಾಡ್ಸೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅಪ್ಪಂದು ಸಂಬಳದ ಕೆಲಸ ಅಲ್ಲ, ಪೇಸ್ಲಿಪ್ ಇಲ್ಲ ಅಂತ ಹೆದರ್ಬೇಡ, ವರ್ಷಕ್ಕೆ ಎಷ್ಟು ಬರುತ್ತೆ ಹೇಗೆ ಬರುತ್ತೆ ಅಂತ ವಿವರಿಸಿ ಲೆಟರ್ ಕೊಟ್ಟರೂ ಎಷ್ಟೋ ಕಡೆ ತಗೋತಾರೆ, ಮೇಲ್ ಮಾಡಿ ಕೇಳು. ಅಪ್ಲಿಕೇಶನ್ ಫೀಸ್ ಮಾಫಿ ಕೂಡ ಎಷ್ಟೋ ಕಡೆ ಕೇಳಿದೋರಿಗೆ ಕೊಡ್ತಾರೆ. ಆದ್ರೆ "ಗ್ಯಾರಂಟಿ ಸ್ಕಾಲರ್‌ಶಿಪ್, ಮೊದಲು ಇಷ್ಟು ಕಟ್ಟಿ" ಅಂತ ಯಾರಾದ್ರೂ ಅಂದ್ರೆ, ಇಲ್ಲಾ ಓಟಿಪಿ ಕೇಳಿದ್ರೆ, ಅಲ್ಲೇ ಬ್ಲಾಕ್ ಮಾಡು.

ಸಿಕ್ಕಿದ ಮೇಲೆ ಎರಡು ವಿಷಯ ಕೇಳ್ಲೇಬೇಕು. ಇದು ಒಂದೇ ವರ್ಷಕ್ಕಾ, ಪ್ರತಿ ವರ್ಷ ಮುಂದುವರಿಯೋಕೆ ಎಷ್ಟು ಮಾರ್ಕ್ಸ್ ಇರಬೇಕು ಅಂತ. ಆಮೇಲೆ ಹೊರಗಿಂದ ಬೇರೆ ಸ್ಕಾಲರ್‌ಶಿಪ್ ಬಂದ್ರೆ ಕಾಲೇಜು ತಾನು ಕೊಡೋದನ್ನ ಕಡಿಮೆ ಮಾಡುತ್ತಾ, ಮಾಡಿದ್ರೆ ಸಾಲದ ಭಾಗದಲ್ಲಾ, ಇಲ್ಲಾ ವಾಪಸ್ ಕೊಡ್ಬೇಕಿಲ್ಲದ ಗ್ರಾಂಟಲ್ಲಾ ಅಂತ. ನಂಗೆ ಎರಡನೇದನ್ನ ಕೇಳ್ಬೇಕು ಅಂತ ಗೊತ್ತಿರ್ಲಿಲ್ಲ, ಖುಷಿಯಲ್ಲಿ ಸಹಿ ಹಾಕ್ಬಿಟ್ಟಿದ್ದೆ.

ನಾಳೆ ಸ್ಕೂಲಿಗೆ ಹೋದ್ಮೇಲೆ ಮೊದಲ ಪೀರಿಯಡ್ ಶುರುವಾಗೋ ಮುಂಚೆ ನಿಮ್ಮ ಟೀಚರ್ ಒಬ್ರನ್ನ ಲೆಟರಿಗೆ ಕೇಳು. ಆಮೇಲೆ ತಮ್ಮನ ಬಗ್ಗೆ ಒಂದು ಪುಟ ಬರಿ, ಚೆನ್ನಾಗಿರ್ಬೇಕು ಅಂತೇನಿಲ್ಲ, ನೀವಿಬ್ರೂ ದಿನಾ ಸಂಜೆ ಹೇಗೆ ಕೂರ್ತೀರ, ಅವ್ನಿಗೆ ಯಾವ ಪದ ಕೇಳ್ಸಲ್ಲ, ನೀನು ಅದನ್ನ ಹೇಗೆ ಬರ್ದು ತೋರಿಸ್ತೀಯ, ಅಷ್ಟೇ. ಭಾನುವಾರ ರಾತ್ರಿ 9ರ ಮೇಲೆ ನಾನು ಫ್ರೀ, ಫೋನಲ್ಲಿ ಓದಿ ಹೇಳು, ಕೇಳಿಸ್ಕೊಳ್ಳೋಕೆ ಕಾಯ್ತಿರ್ತೀನಿ.

ನಿನ್ನ ಗೆಳೆಯ